ಮೂರು ಕೈಗಳ ಸಭೆ

ತೂಬಿನ ಕ್ಯಾಂಪಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಉಳಿದಿರುವುದು ಒಬ್ಬಳೇ ಹುಡುಗಿ. ಹೆಸರು ಅತೀಯಾ, ಮೂರನೆಯ ಇಯತ್ತೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಸಾಲೂ ಅವಳೇ, ಸಾಲಿನ ಮುಂದೆ ನಿಂತು ಹುಕುಂ ಕೊಡುವವಳೂ ಅವಳೇ. ‘ಸಾವಧಾನ್’ ಎಂದು ಕೂಗಿ, ಓಡಿ ಬಂದು ಸಾಲಿನ ಜಾಗದಲ್ಲಿ ಸೆಟೆದು ನಿಲ್ಲುತ್ತಾಳೆ. ಮತ್ತೆ ಮುಂದಕ್ಕೆ ಓಡಿ ‘ವಿಶ್ರಾಮ್’ ಎನ್ನುತ್ತಾಳೆ. ಮೆಹಜಬೀನ ಟೀಚರ್ ಮೊದಮೊದಲು ಇದನ್ನು ಕಂಡು ನಕ್ಕಿದ್ದರು. ಈಗ ನಗು ಬರುವುದಿಲ್ಲ, ಬೇರೆ ಕಡೆ ನೋಡುತ್ತಾರೆ.

ಉಳಿದ ಮಕ್ಕಳೆಲ್ಲ ಎಲ್ಲಿ ಹೋದರು ಎಂದು ಕೇಳಿದರೆ ಊರವರು ಆಕಾಶ ನೋಡುತ್ತಾರೆ. ಆಕಾಶದಲ್ಲಿ ಏನಿದೆ? ದಿನಾ ಬೆಳಿಗ್ಗೆ ಸಿದ್ದಾಪುರದ ರಸ್ತೆಯಿಂದ ಹಳದಿ ವ್ಯಾನು ಹಾರ್ನ್ ಬಾರಿಸುತ್ತ ಬರುತ್ತದೆ, ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ಆ ವ್ಯಾನನ್ನು ಎಲ್ಲರಿಗಿಂತ ಮೊದಲು ಹತ್ತಿದವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ರಾಜಾಸಾಬರ ಮೊಮ್ಮಕ್ಕಳು. ಅಧ್ಯಕ್ಷರೇ ಹತ್ತಿಸಿದ ಮೇಲೆ ಉಳಿದವರು ಹಿಂದೆ ಬೀಳುತ್ತಾರೆಯೇ? ಹಾಗಂತ ರಾಜಾಸಾಬರಿಗೆ ಶಾಲೆಯ ಮೇಲೆ ಅಭಿಮಾನ ಇಲ್ಲ ಎನ್ನುವಂತಿಲ್ಲ. ‘ನಮ್ಮ ಸಾಲಿ’ ಎನ್ನುವಾಗ ಅವರ ಎದೆ ಉಬ್ಬುತ್ತದೆ. ಜಾಗ ಅವರ ತಂದೆ ಕೊಟ್ಟದ್ದು. ಓಟಿನ ಪೆಟ್ಟಿಗೆ ಬಂದು ಕೂಡುವುದು ಅಲ್ಲೇ. ಸುಗ್ಗಿಯಲ್ಲಿ ಅವರ ಭತ್ತ ಒಣಗುವುದೂ ಶಾಲೆಯ ಅಂಗಳದಲ್ಲೇ. ಒಬ್ಬಳು ಹುಡುಗಿ ಆಡಲು ಎಷ್ಟು ಅಂಗಳ ಬೇಕು ಎಂಬುದು ಅವರ ಪ್ರಶ್ನೆ. ಅತೀಯಾ ಭತ್ತದ ಸುತ್ತ ಉಳಿದ ಅಂಚಿನಲ್ಲಿ ಕುಂಟಾಬಿಲ್ಲೆ ಆಡುತ್ತಾಳೆ, ಕೋಳಿ ಬಂದರೆ ಓಡಿಸುವ ಕೆಲಸವೂ ಅವಳ ಪಾಲಿಗೇ ಬಂದಿದೆ.

ಅತೀಯಾಳ ತಂದೆ ಮುಜೀಬ ಭತ್ತ ಕೊಯ್ಯುವ ಮಷೀನು ನಡೆಸುತ್ತ ಊರೂರು ತಿರುಗುವವನು. ತಾಯಿ ಅಮೀನಾಬೀ ನಾಟಿ, ಕಳೆ ಎಂದು ಗದ್ದೆಗೆ ಹೋಗುವವಳು. ಆ ಮನೆಯಲ್ಲಿ ವ್ಯಾನಿನ ಮಾತು ಎದ್ದೇ ಇಲ್ಲ. ಆದರೆ ಕಾಲುವೆಯ ಆಚೆಯ ಊರಿನಲ್ಲಿ ದೊಡ್ಡ ಸರಕಾರಿ ಶಾಲೆ ಇದೆ, ಮಕ್ಕಳು ತುಂಬಿದ್ದಾರೆ, ನಡೆದು ಹೋಗುವಷ್ಟು ಹತ್ತಿರ. ಅಲ್ಲಿಗೆ ಕಳಿಸಬಹುದಿತ್ತು. ಕಳಿಸಿದರೆ ಇಲ್ಲಿನ ಶಾಲೆ ಖಾಲಿ, ಖಾಲಿಯಾದ ಶಾಲೆಗೆ ಬೀಗ. ಅದಕ್ಕೇ ರಾಜಾಸಾಬರು ಮುಜೀಬನನ್ನು ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು, ಹುಡುಗಿಯನ್ನು ಬಿಡಿಸಬೇಡ ಎಂದಿದ್ದರು. ಮುಜೀಬ, “ಟೀಚರ್ ಹೆಂಗ ಅಂತಾರ ಹಂಗ್ರಿ” ಎಂದು ಚಹಾ ಕುಡಿದು ಎದ್ದು ಬಂದಿದ್ದ. ಹೀಗೆ ಎಲ್ಲರೂ ಸೇರಿ ಅದನ್ನು ಟೀಚರ್ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದರು.

ಮೆಹಜಬೀನ ಗಂಗಾವತಿಯವರು. ಮದುವೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದು ಇಲ್ಲಿ ಬೇಡ, ಕೇಳುವ ಮಂದಿ ಮೊದಲೇ ಬಹಳ ಇದ್ದಾರೆ. ಇರುವುದು ಅಣ್ಣನ ಮನೆಯಲ್ಲಿ. ಅಲ್ಲಿ ಯಾರೂ ಕೆಟ್ಟವರಲ್ಲ. ಸಂಜೆ ಅವರು ಒಳಗೆ ಬಂದರೆ ಟಿವಿ ನೋಡುತ್ತಿದ್ದವರು ಕಾಲು ಮಡಿಚಿ ದಾರಿ ಬಿಡುತ್ತಾರೆ, ದಾಟಿದ ಮೇಲೆ ಮತ್ತೆ ಚಾಚುತ್ತಾರೆ. ಅಷ್ಟೇ. ಇವತ್ತು ಏನಾಯಿತು, ಊಟ ಏನು ಮಾಡಿದಿ ಎಂದು ಕೇಳುವವರಿಲ್ಲ. ಬೆಳಿಗ್ಗೆ ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದು ಬರುವಾಗ ಮಾತ್ರ, ಶಾಲೆಯ ಗೇಟು ಹತ್ತಿ ನಿಂತ ಹುಡುಗಿ “ಟೀಚರ್ ಬಂದ್ರೂ!” ಎಂದು ಕೂಗುತ್ತದೆ. ಕೇಳಿಸಿಕೊಳ್ಳಲು ಅಡುಗೆಯ ಹಜರತಬೀ ಬಿಟ್ಟರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದರೂ ಕೂಗುತ್ತದೆ. ಆ ಕೂಗು ಕೇಳಿದರೆ ಮೆಹಜಬೀನರಿಗೆ ತಾನೂ ಒಬ್ಬ ಮನುಷ್ಯಳು ಎನ್ನಿಸುತ್ತದೆ. ಶಾಲೆ ಮುಚ್ಚಿದರೆ ಅವರು ಹೆಚ್ಚುವರಿ ಶಿಕ್ಷಕಿ. ಕುಷ್ಟಗಿಯೋ ಯಲಬುರ್ಗಾವೋ, ಯಾವ ಮೂಲೆಯಲ್ಲಿ ಜಾಗ ಖಾಲಿ ಇದೆಯೋ ಅಲ್ಲಿಗೆ ಒಗೆಯುತ್ತಾರೆ. ಅಲ್ಲಿ ಹೊಸ ಮನೆ, ಹೊಸ ಬೀಗ, ಹೊಸ ಪ್ರಶ್ನೆಗಳು.

ಈ ಶಾಲೆಯಲ್ಲಿ ಶನಿವಾರ ಸಭೆ ನಡೆಯುತ್ತದೆ. ಬೇರೆ ಕಡೆ ಮಕ್ಕಳ ಸಂಸತ್ತು ಎಂದರೆ ಏಳನೆಯ ಇಯತ್ತೆಯ ಎತ್ತರದ ಹುಡುಗನ ಎದೆಗೆ ‘ಮುಖ್ಯಮಂತ್ರಿ’ ಎಂದು ಚೀಟಿ ಅಂಟಿಸಿ ಫೋಟೋ ತೆಗೆದು ಕಳಿಸುವುದು. ಮೆಹಜಬೀನರಿಗೆ ಅದು ಸೇರುತ್ತಿರಲಿಲ್ಲ. ಒಂದನೆಯ ಇಯತ್ತೆಯ ಕೂಸಿಗೂ ಹಸಿವಾಗುತ್ತದೆ, ಚಪ್ಪಲಿ ಕಳೆಯುತ್ತದೆ, ಅಂಜಿಕೆ ಬರುತ್ತದೆ. ಅದನ್ನು ಕೇಳದೆ ಶಾಲೆ ನಡೆಸುವುದು ಎಂಥದು ಎಂದು ಅವರ ವಾದ. ಹಾಗಾಗಿ ಇಲ್ಲಿ ಎಲ್ಲರೂ ನೆಲದ ಮೇಲೆ ದುಂಡಗೆ ಕೂಡಬೇಕು, ಟೀಚರ್ ಕೂಡ. ಎಲ್ಲರಿಗಿಂತ ಸಣ್ಣವರು ಮೊದಲು ಮಾತಾಡಬೇಕು. ಆಮೇಲೆ ಕೈ ಎತ್ತಿ ಎಣಿಸುವುದು. ಟೀಚರಿಗೂ ಒಂದೇ ಕೈ. ಹೆಚ್ಚು ಕೈ ಸಿಕ್ಕರೆ ಮಾತು ‘ಎದ್ದಿತು’, ಇಲ್ಲದಿದ್ದರೆ ‘ಬಿತ್ತು’; ಎದ್ದ ಮಾತು ಸೋಮವಾರದಿಂದ ಜಾರಿ.

ಮಕ್ಕಳು ತುಂಬಿದ್ದ ಕಾಲದಲ್ಲಿ ಆ ಸಭೆ ನೋಡಬೇಕಿತ್ತು. ಮೊಟ್ಟೆಯನ್ನು ಅನ್ನಕ್ಕಿಂತ ಮೊದಲು ಕೊಡಬೇಕು, ಕೊನೆಗೆ ಕೊಟ್ಟರೆ ಅಷ್ಟೊತ್ತಿಗೆ ಹೊಟ್ಟೆ ತುಂಬಿರುತ್ತದೆ ಎಂದು ಒಬ್ಬಳು ತಂದ ಮಾತು ಎದ್ದಿತ್ತು. ನಾಯಿ ಒಯ್ಯುವುದರಿಂದ ಚಪ್ಪಲಿ ಒಳಗೆ ಇಡಬೇಕು ಎಂಬುದೂ ಎದ್ದಿತ್ತು. ಮಳೆ ಬಂದರೆ ಪಾಠ ನಿಲ್ಲಿಸಿ ಮಳೆ ನೋಡಬೇಕು ಎಂಬ ಮಾತಿಗೆ ಟೀಚರ್ ಬೇಡ ಎಂದು ಕೈ ಎತ್ತಿ, ಒಬ್ಬರೇ ಆಗಿ ಸೋತಿದ್ದರು. ಮುಂದೆ ಮಳೆ ಬಂದ ದಿನ ಪುಸ್ತಕ ಮಡಿಚಿ ಎಲ್ಲರ ಜೊತೆ ಕಟ್ಟೆಯ ಮೇಲೆ ನಿಂತು ನೋಡಿದರು. ಮಕ್ಕಳು ಸಭೆಯನ್ನು ನಂಬಿದ್ದು ಅವತ್ತಿನಿಂದ.

ಸಾದಿಕ ಎಂಬ ಹುಡುಗನಿಂದ ಇನ್ನೊಂದು ನಿಯಮ ಬಂತು. ಅವನು ಶನಿವಾರ ಬಂದರೆ ಸಾಕು, ಗಣಿತದ ತಾಸಿನಲ್ಲಿ ಕ್ರಿಕೆಟ್ ಆಡಬೇಕು ಎನ್ನುತ್ತಿದ್ದ. ಸೋಲುತ್ತಿದ್ದ, ಮುಂದಿನ ವಾರ ಮತ್ತೆ ಅದನ್ನೇ ತರುತ್ತಿದ್ದ. ಮಕ್ಕಳೇ ಬೇಸತ್ತು ನಿರ್ಣಯ ಮಾಡಿದರು: ಒಮ್ಮೆ ಬಿದ್ದುಹೋದ ಮಾತನ್ನು ಬೇಸಿಗೆ ಸೂಟಿ ಮುಗಿಯುವ ತನಕ ಯಾರೂ ಮತ್ತೆ ತರಬಾರದು. ಸಾದಿಕ ಅತ್ತ, ಮರುವರ್ಷ ವ್ಯಾನು ಹತ್ತಿದ. ನಿಯಮ ಮಾತ್ರ ಇಲ್ಲೇ ಉಳಿಯಿತು.

ಅತೀಯಾ ಒಬ್ಬಳೇ ಆದ ಮೇಲೂ ಸಭೆ ನಿಲ್ಲಲಿಲ್ಲ. ಆದರೆ ತಕರಾರು ಬಂತು. ಬೇವಿನ ಗಿಡದ ಕೆಳಗೆ ಊಟ ಮಾಡಬೇಕು ಎಂದು ಅತೀಯಾ ಕೈ ಎತ್ತಿದಳು. ಇರುವೆ ಕಡಿಯುತ್ತವೆ, ಬೇಡ ಎಂದು ಟೀಚರ್ ಕೈ ಎತ್ತಿದರು. ಒಂದಕ್ಕೊಂದು ಸಮ. ಇಬ್ಬರೂ ಕೈ ಎತ್ತಿಕೊಂಡು ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ಕೂತರು.

“ಹಿಂಗಾದ್ರ ಯಾವ ಮಾತೂ ಏಳಂಗಿಲ್ಲ, ಯಾವ ಮಾತೂ ಬೀಳಂಗಿಲ್ರಿ,” ಎಂದಳು ಅತೀಯಾ. “ನಾನಿನ್ನ ಕರಕೊಳ್ಳೂಣ್ರಿ.”

ನಾನಿ ಎಂದರೆ ಹಜರತಬೀ. ಸ್ವಂತ ಅಜ್ಜಿ ಅಲ್ಲ. ಬಿಸಿಯೂಟದ ಅಡುಗೆಯವಳನ್ನು ಮಕ್ಕಳೆಲ್ಲ ಹಾಗೇ ಕರೆದು ಬಂದವರು. ಹಜರತಬೀ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ನನಗೇನ ತಿಳೀತೈತಿ ಇದರಾಗ” ಎನ್ನುತ್ತ ಮಂಡಿ ಹಿಡಿದು ಕೂತಳು. ವಿಷಯ ಕೇಳಿ, ಅಡುಗೆಮನೆಯ ಹೊಗೆಗಿಂತ ಬೇವಿನ ಗಿಡವೇ ಸೈ ಎಂದು ಅತೀಯಾಳ ಕಡೆ ಕೈ ಎತ್ತಿದಳು. ಅಂದಿನಿಂದ ಊಟ ಗಿಡದ ಕೆಳಗೆ. ಮೂವರು ಕೂತರೆ ಎಷ್ಟು ಚೆನ್ನಾಗಿ ಸಭೆ ನಡೆಯುತ್ತದೆ ಎಂದು ಅತೀಯಾಳಿಗೆ ಆ ದಿನ ಹಿಗ್ಗೋ ಹಿಗ್ಗು.

ಕಾರ್ತಿಕದ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಅತೀಯಾ ಕಣ್ಣಾಮುಚ್ಚಾಲೆ ಆಡೋಣ ಎಂದಳು. ಊಟ ಮುಗಿದಿತ್ತು. ಹಜರತಬೀ ಪಾತ್ರೆ ತೊಳೆಯುತ್ತಿದ್ದಳು. ಟೀಚರ್ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಎಣಿಸತೊಡಗಿದರು. ಅಷ್ಟರಲ್ಲಿ ಫೋನು ಬಂತು. ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ, ಕ್ಲಸ್ಟರಿನ ಮಂಜೂರ ಸರ್. ಮುಂದಿನ ವಾರ ಶಾಲೆ ನೋಡಲು ಬರುತ್ತೇನೆ, ಮಕ್ಕಳು ಕಡಿಮೆ ಇರುವ ಶಾಲೆಗಳ ವರದಿ ಮಾಡಬೇಕಾಗಿದೆ, ಆ ಮಾಹಿತಿ ಕಳಿಸಿ, ಈ ಮಾಹಿತಿ ಕಳಿಸಿ ಎಂದರು. ಮೆಹಜಬೀನ ಗಾಬರಿಯಲ್ಲಿ ಒಳಗೆ ಹೋಗಿ ಕಪಾಟು ತೆರೆದು ಕೂತವರು ಆಟವನ್ನು ಮರೆತೇ ಬಿಟ್ಟರು.

ನೆನಪಾದಾಗ ಬಿಸಿಲು ವಾಲಿತ್ತು. ಎದ್ದು ಓಡಿ, ಹೆಸರು ಹಿಡಿದು ಕೂಗುತ್ತ ಹುಡುಕಿದರು. ಅತೀಯಾ ನೀರಿನ ಟಾಕಿಯ ಹಿಂದೆ, ಗೋಡೆಗೂ ಟಾಕಿಗೂ ನಡುವಿನ ಸಂದಿಯಲ್ಲಿ ಮಂಡಿಗೆ ಗದ್ದ ಹಚ್ಚಿ ಕೂತಿದ್ದಳು. ಅತ್ತಿರಲಿಲ್ಲ. ನಿದ್ದೆಯೂ ಹೋಗಿರಲಿಲ್ಲ.

“ಯಾಕವ್ವಾ, ಹೊರಗ ಬರಬಾರದೇನು?”

“ನೀವು ಹುಡುಕಾಕತ್ತೀರಿ ಅಂತ ತಿಳಕೊಂಡಿದ್ದೆ ರೀ,” ಎಂದಳು ಅತೀಯಾ. ಎದ್ದು ಲಂಗ ಝಾಡಿಸಿಕೊಂಡಳು. ಲಂಗಕ್ಕೆ ಪಾಚಿ ಹತ್ತಿತ್ತು. ಅದನ್ನು ತೊಳೆಯಲು ತಾನೇ ನಲ್ಲಿಯ ಕಡೆ ಹೋದಳು.

ಮರುದಿನ ರಾಜಾಸಾಬರು ಭತ್ತ ತಿರುವಿ ಹಾಕಿಸಲು ಬಂದವರು ಟೀಚರನ್ನು ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿದರು.

“ಹುಡುಗಿ ಇರೂಮಟ ಸಾಲಿ ಐತಿ. ಸಾಲಿ ಇರೂಮಟ ನೀವು ಇಲ್ಲೇ. ಆ ಸರ್ ಬಂದಾಗ ಕೂಸಿನ ಬಾಯಿಂದ ಒಂದು ಛಲೋ ಮಾತು ಹೇಳಿಸ್ರಿ. ನಮ್ಮ ಸಾಲಿ ನಮಗ ಇರಲಿ ಅಂತ ಅಷ್ಟ ಅಂದ್ರ ಸಾಕು.”

“ನಾ ಏನೂ ಹೇಳಿಸಂಗಿಲ್ರಿ. ಅದಕ್ಕ ತಿಳದದ್ದು ಅದು ಹೇಳತೈತಿ,” ಎಂದರು ಮೆಹಜಬೀನ ಠೀವಿಯಿಂದ. ಮಕ್ಕಳ ಬಾಯಿಗೆ ಮಾತು ತುರುಕುವ ಜಾತಿಯ ಟೀಚರ್ ತಾನಲ್ಲ ಎಂಬ ಹೆಮ್ಮೆ ಅವರಿಗಿತ್ತು. ಆ ಹೆಮ್ಮೆ ಶನಿವಾರದ ತನಕ ಬಾಳಿತು.

ಶನಿವಾರ ಮೂವರೂ ದುಂಡಗೆ ಕೂತರು. ಮೂವರು ಕೂತರೆ ದುಂಡು ಎಲ್ಲಿಂದ ಬಂತು, ತ್ರಿಕೋನ. ಸಣ್ಣವರು ಮೊದಲು ಎಂಬ ನಿಯಮ ಇದ್ದೇ ಇದೆ.

“ನಂದೊಂದು ಮಾತೈತ್ರಿ,” ಎಂದಳು ಅತೀಯಾ. “ನಾ ಕಾಲುವಿ ಆಚೆ ಸಾಲಿಗೆ ಹೋಗ್ತೀನ್ರಿ.”

ಹಜರತಬೀ ಟೀಚರ್ ಮುಖ ನೋಡಿದಳು. ಮೆಹಜಬೀನ ಕೇಳಿದರು, “ಇಲ್ಲಿ ನಿನಗ ಏನ ಕಡಿಮಿ ಆಗೈತಿ?”

“ಏನೂ ಆಗಿಲ್ರಿ. ನೀವು ಛಲೋ ಕಲಸ್ತೀರಿ. ನಾನಿ ಛಲೋ ಅನ್ನ ಮಾಡ್ತಾರ. ಮೊಟ್ಟಿ ಮೊದಲ ಕೊಡ್ತಾರ.”

“ಮತ್ತ?”

“ಅಲ್ಲಿ ಹುಡುಗರು ಅದಾರ್ರಿ. ಏರಿ ಮ್ಯಾಲ ನಿಂತ್ರ ಅವರು ಆಡೂದು ಕೇಳಸ್ತೈತಿ.”

“ಕಾಲುವಿ ದಂಡಿಗುಂಟ ಒಬ್ಬಾಕಿ ಹೋಗಬೇಕಾಕ್ಕೈತಿ. ನೀರು ತುಂಬಿ ಹರಿಯಾಕತ್ತೈತಿ. ಜಾರಿ ಬಿದ್ದ್ರ ಏನ ಮಾಡ್ತಿ?”

“ನೀವು ದಿನಾ ಒಬ್ಬರ ಬರ್ತೀರಲ್ರಿ.”

ಮೆಹಜಬೀನರಿಗೆ ಸಿಟ್ಟು ಬಂತು. ಹುಡುಗಿಯ ಮೇಲೆ ಅಲ್ಲ. ಹಾಗಾದರೆ ಯಾರ ಮೇಲೆ ಎಂದು ಅವರಿಗೂ ತಿಳಿಯಲಿಲ್ಲ. “ನೀ ಹೋದ್ರ ಈ ಸಾಲಿ ಮುಚ್ಚತಾರ, ಗೊತ್ತೈತೇನು? ನಾನಿ ಕೆಲಸ ಹೋಕ್ಕೈತಿ. ನನ್ನ ಎಲ್ಲೋ ದೂರ ಒಗೀತಾರ,” ಎಂದುಬಿಟ್ಟರು.

ಇದು ಅತೀಯಾಳಿಗೆ ಗೊತ್ತಿರಲಿಲ್ಲ. ಒಬ್ಬ ಹುಡುಗಿ ಎದ್ದು ಹೋದರೆ ಒಂದು ಶಾಲೆಯೇ ಮುಚ್ಚುತ್ತದೆ ಎಂಬುದನ್ನು ಆ ವಯಸ್ಸಿನಲ್ಲಿ ಯಾರು ತಿಳಿದಿರುತ್ತಾರೆ? ಅವಳು ಕಾಲ್ಬೆರಳು ಹಿಡಿದುಕೊಂಡು ಯೋಚಿಸಿದಳು. ಯೋಚಿಸಿ, “ಕೈ ಎತ್ತೂಣ್ರಿ” ಎಂದಳು. ತಾನು ಎತ್ತಿದಳು.

ಬೇಡ ಎನ್ನುವವರ ಸರದಿ ಬಂದಾಗ ಮೆಹಜಬೀನ ಕೈ ಎತ್ತಿದರು. ಅಂಜಿಕೆಯಿಂದ ಎತ್ತಿದರು, ಖಾಲಿ ಏರಿಯ, ಕೂಗಿಲ್ಲದ ಗೇಟಿನ, ಗೊತ್ತಿಲ್ಲದ ಊರಿನ ಅಂಜಿಕೆ. ಹಜರತಬೀ ಅವರ ಕೈ ನೋಡಿ, ಹುಡುಗಿಯ ಮುಖ ನೋಡಿ, ಕಣ್ಣು ಕೆಳಗೆ ಹಾಕಿ ತನ್ನ ಕೈಯನ್ನೂ ಅರ್ಧ ಎತ್ತಿದಳು. ಅರ್ಧ ಎತ್ತಿದರೂ ಲೆಕ್ಕಕ್ಕೆ ಒಂದೇ.

“ಎರಡ, ಒಂದ,” ಎಂದು ಎಣಿಸಿದಳು ಅತೀಯಾ. “ನನ್ನ ಮಾತು ಬಿತ್ತು.”

ಎದ್ದು ಹಲಗೆಯ ಮೂಲೆಯಲ್ಲಿ ಸಭೆಯ ನಿರ್ಣಯವನ್ನು ತಾನೇ ಬರೆದಳು. ಅಕ್ಷರಗಳು ದುಂಡಗಿದ್ದವು. ನಿಯಮ ಎಲ್ಲೂ ಮುರಿದಿರಲಿಲ್ಲ. ಮೊದಲು ಮಾತಾಡಿದವಳು ಅವಳೇ, ಎಣಿಸಿದವಳೂ ಅವಳೇ. ಮೂವರು ಕೂತರೆ ಇಬ್ಬರು ದೊಡ್ಡವರು ಒಬ್ಬಳು ಸಣ್ಣವಳನ್ನು ಯಾವಾಗ ಬೇಕಾದರೂ ಸೋಲಿಸಬಹುದು ಎಂಬುದು ಹಿಗ್ಗಿನ ದಿನ ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ.

ಮಕ್ಕಳು ಸೋತರೆ ಅಳುತ್ತಾರೆ, ಊಟ ಬಿಡುತ್ತಾರೆ, ಸಾದಿಕನ ಹಾಗೆ ಮತ್ತೆ ಮತ್ತೆ ಪೀಡಿಸುತ್ತಾರೆ. ಅತೀಯಾ ಯಾವುದನ್ನೂ ಮಾಡಲಿಲ್ಲ. ಸೋಮವಾರ ಸರಿಯಾದ ಹೊತ್ತಿಗೆ ಬಂದಳು. ಗೇಟು ಹತ್ತಿ ಕೂಗಿದಳು. ತಾನೇ ಸಾಲಾದಳು, ತಾನೇ ಹುಕುಂ ಕೊಟ್ಟಳು. ಕೊಟ್ಟ ಲೆಕ್ಕ ಮಾಡಿದಳು, ಕೋಳಿ ಓಡಿಸಿದಳು. ಮಧ್ಯಾಹ್ನ ಮೆಹಜಬೀನ ತಾವಾಗಿ, “ಬಾ, ಕಣ್ಣಾಮುಚ್ಚಾಲಿ ಆಡೂಣು” ಎಂದರೆ, “ಬ್ಯಾಡ್ರಿ ಟೀಚರ್, ನಿಮಗ ಕೆಲಸ ಇರತಾವು” ಎಂದಳು. ಮುನಿಸಿನಿಂದ ಅಂದಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ದೊಡ್ಡವರ ಹಾಗೆ ಮರ್ಯಾದೆಯಿಂದ ಅಂದಳು.

ಮಂಜೂರ ಸರ್ ಬಂದ ದಿನ ರಾಜಾಸಾಬರು ಭತ್ತವನ್ನು ಒಂದು ಮೂಲೆಗೆ ಗುಡ್ಡೆ ಹಾಕಿಸಿ, ಅಂಗಳ ಗುಡಿಸಿಸಿ, ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು. ಮಂಜೂರ ಸರ್ ಒಳ್ಳೆಯ ಮನುಷ್ಯ, ಆದರೆ ಅವರ ಕೈಯಲ್ಲಿ ಇಡೀ ಕ್ಲಸ್ಟರಿನ ಶಾಲೆಗಳು, ಮೊಬೈಲಿನ ತುಂಬ ಮೇಲಿನವರ ಸಂದೇಶಗಳು. ಒಬ್ಬಳೇ ಹುಡುಗಿ ಪ್ರಾರ್ಥನೆ ಹೇಳುವುದನ್ನು ವಿಡಿಯೋ ಮಾಡಿಕೊಂಡರು. ಶನಿವಾರದ ಸಭೆಯ ವಿಷಯ ಕೇಳಿ ಬಹಳ ಖುಷಿಪಟ್ಟರು.

“ಸಣ್ಣ ಮಕ್ಕಳ ದನಿಗೆ ಬೆಲಿ ಕೊಡೂದು ಅಂದ್ರ ಇದು ನೋಡ್ರಿ,” ಎಂದು ರಾಜಾಸಾಬರ ಕಡೆ ತಿರುಗಿ ಹೇಳಿ, ಮೊಬೈಲನ್ನು ಅತೀಯಾಳ ಮುಖದ ಮುಂದೆ ಹಿಡಿದರು. “ಹೇಳವ್ವಾ, ಸಭಾದಾಗ ಏನ ನಿರ್ಣಯ ಮಾಡೀರಿ?”

“ನಾ ಈ ಸಾಲಿ ಬಿಟ್ಟು ಹೋಗಬಾರದು ಅಂತ ಆಗೈತ್ರಿ.”

“ಭೇಷ್!” ಎಂದರು ರಾಜಾಸಾಬರು. ಹುಡುಗಿಗೆ ಮಾತು ಕಲಿಸಿದ್ದು ಟೀಚರೇ ಎಂದು ಅವರ ನಂಬಿಕೆ. ಮೆಚ್ಚಿಕೊಂಡು ಟೀಚರ್ ಕಡೆ ತಲೆ ಆಡಿಸಿದರು.

“ಶಾಣ್ಯಾಕಿ,” ಎಂದರು ಮಂಜೂರ ಸರ್. “ಮತ್ತ ನಿನಗ ಏನ ಬೇಕು? ನಾ ಮ್ಯಾಲಿನ ಸಾಹೇಬರಿಗೆ ಹೇಳ್ತೀನಿ.”

“ಅದು ಬಿದ್ದು ಹೋಗೈತ್ರಿ,” ಎಂದಳು ಅತೀಯಾ.

“ಏನ ಬಿದ್ದೈತಿ?”

“ನನಗ ಬೇಕಾದ್ದು ರೀ.”

ಮಂಜೂರ ಸರ್ ನಕ್ಕರು. ಆಟದ ಸಾಮಾನು ಏನೋ ಕಾಲುವೆಗೆ ಬಿದ್ದಿರಬೇಕು ಎಂದುಕೊಂಡು ಮೊಬೈಲು ಕಿಸೆಗೆ ಹಾಕಿದರು. ಹುಡುಗಿ ಕೈ ಕಟ್ಟಿಕೊಂಡು ನಿಂತೇ ಇದ್ದಳು, ಮುಂದಿನ ಪ್ರಶ್ನೆಗೆ. ಬಾಗಿಲಲ್ಲಿ ನಿಂತಿದ್ದ ಮೆಹಜಬೀನರಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಹಜರತಬೀ ಸೆರಗು ಬಾಯಿಗೆ ಹಚ್ಚಿಕೊಂಡು ಅಡುಗೆಮನೆಗೆ ಹೋದಳು.

ಆ ಸಂಜೆ ಗಂಗಾವತಿಯ ಬಸ್ಸಿನಲ್ಲಿ ಮೆಹಜಬೀನ ಕಿಟಕಿಗೆ ತಲೆ ಆನಿಸಿ ಕೂತರು. ಗದ್ದೆಗಳಲ್ಲಿ ಕೊಯ್ಲು ಮುಗಿಯುತ್ತಿತ್ತು. ದೂರದಲ್ಲಿ ಹೇಮಗುಡ್ಡ ಕಾಣಿಸಿ ಮರೆಯಾಯಿತು. ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ನಾನು ಆ ಕೂಸಿಗೆ ಪಾಠ ಹೇಳುತ್ತಿಲ್ಲ, ನನ್ನ ಜೊತೆಗೆ ಯಾರೂ ಇಲ್ಲ ಎಂದು ಅದನ್ನು ಇಟ್ಟುಕೊಂಡಿದ್ದೇನೆ. ಮನೆಗೆ ಬಂದಾಗ ಟಿವಿಯ ಮುಂದಿದ್ದವರು ಕಾಲು ಮಡಿಚಿದರು. ಮೆಹಜಬೀನ ದಾಟಲಿಲ್ಲ, ಅಲ್ಲೇ ನಿಂತರು. ಏನು ಎಂದು ಅಣ್ಣ ಕೇಳಿದ. ಏನಿಲ್ಲ ಎಂದು ದಾಟಿ ಹೋದರು.

ಶನಿವಾರ ಬಂತು. ಹಜರತಬೀ ಒಲೆ ಸಣ್ಣಗೆ ಮಾಡಿ ಬಂದು ಕೂತಳು.

“ಇವತ್ತ ನಂದೊಂದು ಮಾತೈತಿ,” ಎಂದರು ಮೆಹಜಬೀನ.

“ಮೊದಲ ಸಣ್ಣವರದ್ರಿ,” ಎಂದು ನೆನಪಿಸಿದಳು ಅತೀಯಾ.

“ಹೌದು ನೋಡು, ತಪ್ಪಾತು. ಹೇಳು.”

“ನಂದೇನೂ ಇಲ್ರಿ. ಈಗ ನೀವು ಹೇಳ್ರಿ.”

“ಅತೀಯಾ ಕಾಲುವಿ ಆಚೆ ಸಾಲಿಗೆ ಹೋಗಬೇಕು. ಇದು ನನ್ನ ಮಾತು.”

ಹುಡುಗಿಯ ಮುಖ ಅರಳುತ್ತದೆ ಎಂದು ಅವರು ತಿಳಿದಿದ್ದರು. ಅರಳಲಿಲ್ಲ. ಹುಬ್ಬು ಗಂಟಾಯಿತು.

“ಅದು ಬಿದ್ದೈತ್ರಿ. ಬ್ಯಾಸಗಿ ಸೂಟಿ ಮುಗಿಯೂತನಕ ತರಂಗಿಲ್ಲ.”

“ಆ ನಿಯಮ ಬಿಡವ್ವಾ. ನಾ ಟೀಚರ್ ಹೇಳಾಕತ್ತೀನಿ.”

“ನಿಮಗೂ ಒಂದ ಕೈಯ್ರಿ,” ಎಂದಳು ಅತೀಯಾ. “ಸಾದಿಕ ಎಷ್ಟ ಅತ್ತರೂ ನಾವು ಬಿಟ್ಟಿಲ್ಲ. ನೀವು ಅಂದ್ರಂತ ಬಿಟ್ಟ್ರ ಅವಂಗ ಮೋಸ ಆತು.”

ಮೆಹಜಬೀನರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಭೆಯ ಮಾತು ಸುಳ್ಳಾಗಬಾರದು ಎಂದು ವರ್ಷಗಟ್ಟಲೆ ಇವರೇ ಕಲಿಸಿದ್ದು. ಈಗ ಜಬರ್ದಸ್ತಿ ಮಾಡಿ ಕಳಿಸಿದರೆ ಹುಡುಗಿ ಹೋದೀತು, ಆದರೆ ತನ್ನ ಮಾತಿಗೆ ಎಂದೂ ಬೆಲೆ ಇರಲಿಲ್ಲ, ಸೋತದ್ದೂ ದೊಡ್ಡವರ ಮರ್ಜಿ, ಗೆದ್ದದ್ದೂ ದೊಡ್ಡವರ ಮರ್ಜಿ ಎಂದು ತಿಳಿದುಕೊಂಡು ಹೋಗುತ್ತದೆ. ಹಾಗೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ.

“ಹಂಗಾದ್ರ ಬ್ಯಾರೆ ಮಾತು ತರ್ತೀನಿ,” ಎಂದರು ಕೊನೆಗೆ. “ತೂಬಿನ ಕ್ಯಾಂಪಿನ ಸಾಲಿ ಮುಚ್ಚಬೇಕು.”

ಅತೀಯಾ ತಲೆ ಎತ್ತಿದಳು. ಇಂಥ ಮಾತನ್ನು ಹಿಂದೆ ಯಾರಾದರೂ ತಂದಿದ್ದರೇ ಎಂದು ನೆನೆಸಿಕೊಂಡಳು.

“ಇದು ಹೊಸಾದ್ರಿ,” ಎಂದು ಒಪ್ಪಿದಳು. ಆಮೇಲೆ ಹಜರತಬೀಯ ಕಡೆ ತಿರುಗಿದಳು. “ನಾನಿ, ನಿಮ್ಮ ಕೆಲಸ?”

“ನಂದೇನ ಕೇಳ್ತಿ ಬೇಟಾ. ಒಬ್ಬಾಕಿಗೆ ಅನ್ನ ಮಾಡಿದ್ರ ಅನ್ನ ಮಾಡಿದಂಗ ಅನ್ನಸಂಗಿಲ್ಲ,” ಎಂದಳು ಹಜರತಬೀ. “ಆಚೆ ಸಾಲ್ಯಾಗ ಅಡಗಿಗೆ ಮಂದಿ ಬೇಕೇನಂತ ಕೇಳ್ತೀನಿ. ಬ್ಯಾಡಂದ್ರ ನಿಮ್ಮವ್ವನ ಜೋಡಿ ನಾಟಿಗೆ ಹೋಕ್ಕೀನಿ. ಹೋದ ಸಾರಿ ಕೈ ಎತ್ತಿದಾಗಿಂದ ನನಗ ತುತ್ತು ಇಳಿದಿಲ್ಲ.” ಹೀಗೆಂದು ಕೈ ಎತ್ತಿದಳು. ಈ ಸಲ ಪೂರ್ತಿ ಎತ್ತಿದಳು.

ಮೆಹಜಬೀನ ಕೈ ಎತ್ತಿದರು.

ಎರಡು ಕೈ ಎದ್ದ ಮೇಲೆ ಮಾತು ಎದ್ದ ಹಾಗೆಯೇ. ಆದರೂ ಅತೀಯಾ ತನ್ನ ಕೈಗಳನ್ನು ಮಡಿಲಿನಲ್ಲೇ ಇಟ್ಟುಕೊಂಡು ಟೀಚರನ್ನು ದಿಟ್ಟಿಸುತ್ತಿದ್ದಳು. ಹೊರಗೆ ರಾಜಾಸಾಬರ ಭತ್ತದ ಮೇಲೆ ಕೋಳಿಗಳು ಬಂದಿದ್ದವು. ಅವುಗಳ ಕಡೆ ಅವಳು ನೋಡಲಿಲ್ಲ.

“ಮುಚ್ಚಿದ್ರ ನೀವೆಲ್ಲಿ ಹೋಗ್ತೀರಿ ಟೀಚರ್?”

“ಕುಷ್ಟಗಿ ಕಡೆ ಹಾಕಬಹುದು. ಯಲಬುರ್ಗಾ ಕಡೆ ಹಾಕಬಹುದು.”

“ಅಲ್ಲಿ ಸಾಲ್ಯಾಗ ಹುಡುಗರು ಅದಾರೇನ್ರಿ?”

“ಇರ್ತಾರ.”

“ಭಾಳ?”

“ಭಾಳ,” ಎಂದರು ಮೆಹಜಬೀನ.

“ಹಂಗಾರ ಎತ್ತತೀನ್ರಿ,” ಎಂದಳು ಅತೀಯಾ. “ನೀವೂ ಒಬ್ಬರ ಅದೀರಲ್ರಿ.”

ಕೈ ಎತ್ತಿದಳು. ಮೆಹಜಬೀನರಿಗೆ ಕಣ್ಣು ಮಂಜಾಗಿ ಕೈಗಳು ಕಾಣಿಸದೆ ಹೋದವು. ಮೂರೂ ಕೈಗಳನ್ನು ಅತೀಯಾಳೇ ಎಣಿಸಿದಳು.